ಏಳನೆಯ ತರಗತಿ ಮುಗಿಯಿತು, ಮಗಳನ್ನು ಯಾವ ಮಾಧ್ಯಮಕ್ಕೆ, ಯಾವ ಊರಿಗೆ ಸೇರಿಸಲಿ?

ಪ್ರಶ್ನೆ: ನಾವು ಚಿತ್ರದುರ್ಗ ತಾಲ್ಲೂಕಿನ ಭರಮಸಾಗರದ ಕಡೆಯ ಒಂದು ಹಳ್ಳಿಯವರು. ಮೆಕ್ಕೆಜೋಳ, ಈರುಳ್ಳಿ ಬೆಳೆಯುತ್ತೇವೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸಿದ್ದಾಳೆ. ಗಣಿತದಲ್ಲಿ ಚುರುಕು, ಗ್ರಂಥಾಲಯದ ಪುಸ್ತಕಗಳನ್ನು ಬಿಡದೆ ಓದುತ್ತಾಳೆ, ಇಂಗ್ಲಿಷ್ ಎಂದರೆ ಮಾತ್ರ ಹೆದರುತ್ತಾಳೆ. ನನ್ನ ಗಂಡ ಅವಳನ್ನು ದಾವಣಗೆರೆಯಲ್ಲಿ ತಮ್ಮ ಅಣ್ಣನ ಮನೆಯಲ್ಲಿ ಬಿಟ್ಟು, ಖಾಸಗಿ ಶಾಲೆಯ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮದಲ್ಲಿ, ಸಂಸ್ಕೃತವನ್ನು ಮೊದಲ ಭಾಷೆಯಾಗಿ ಕೊಡಿಸಿ ಸೇರಿಸಬೇಕು ಎನ್ನುತ್ತಾರೆ. ಅವರು ಹಿಂದೆ ಪಿಯುಸಿ ವಿಜ್ಞಾನಕ್ಕೆ ಸೇರಿ, ಇಂಗ್ಲಿಷ್ ಅರ್ಥವಾಗದೆ ಅರ್ಧಕ್ಕೆ ಬಿಟ್ಟವರು. ಮಗಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಓರಗಿತ್ತಿ ಒಳ್ಳೆಯವರೇ, ಆದರೆ ಅವರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ನಾನು ಓದಿದ್ದು ಏಳನೆಯವರೆಗೆ. ಬೇಡ ಎಂದು ನಾನು ಹೇಳಿ, ನಾಳೆ ಅವಳು ಮುಂದೆ ಬರದಿದ್ದರೆ ಎಲ್ಲರೂ ನನ್ನನ್ನೇ ದೂರುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ಪ್ರಶ್ನೆಗಳು ಒಂದೇ ಗಂಟಾಗಿ ಸೇರಿಕೊಂಡಿವೆ: ಮಗಳು ಯಾವ ಮಾಧ್ಯಮದಲ್ಲಿ ಓದಬೇಕು, ಯಾವ ಭಾಷೆಗಳನ್ನು ಆರಿಸಿಕೊಳ್ಳಬೇಕು, ಯಾರ ಮನೆಯಲ್ಲಿ ಇರಬೇಕು. ನಿಮ್ಮ ಯಜಮಾನರು ಈ ಮೂರಕ್ಕೂ ‘ದಾವಣಗೆರೆ’ ಎಂಬ ಒಂದೇ ಉತ್ತರ ಕೊಟ್ಟಿರುವುದರಿಂದ, ಒಂದನ್ನು ಬೇಡವೆಂದರೆ ಮಗಳ ಓದನ್ನೇ ಬೇಡವೆಂದಂತಾಗುತ್ತದೆ ಎಂಬ ಅಳುಕು ನಿಮ್ಮನ್ನು ಹಿಡಿದಿದೆ. ಬಿಡಿಸಿ ನೋಡಿದರೆ ಹಾಗಿಲ್ಲ.

ಮೊದಲು ಎಂಟನೆಯ ತರಗತಿಯಲ್ಲಿ ನಿಜವಾಗಿ ಆರಿಸಬೇಕಾದದ್ದು ಎಷ್ಟು ಎಂಬುದನ್ನು ತಿಳಿದುಕೊಳ್ಳಿ. ಡಾಕ್ಟರೋ ಎಂಜಿನಿಯರೋ ಶಿಕ್ಷಕಿಯೋ ಎಂಬುದು ಈಗ ತೀರ್ಮಾನವಾಗುವುದಿಲ್ಲ. ವಿಜ್ಞಾನ, ವಾಣಿಜ್ಯ, ಕಲೆ ಎಂಬ ಕವಲುಗಳು ಬರುವುದು ಹತ್ತನೆಯ ತರಗತಿ ಮುಗಿದ ಮೇಲೆ. ರಾಜ್ಯ ಪಠ್ಯಕ್ರಮದ ಯಾವ ಪ್ರೌಢಶಾಲೆಗೆ ಸೇರಿದರೂ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳನ್ನು ಎಲ್ಲ ಮಕ್ಕಳೂ ಓದಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಈ ಮೂರಕ್ಕೂ ತಲಾ 100 ಅಂಕ, ಮೊದಲ ಭಾಷೆಗೆ 125, ಉಳಿದೆರಡು ಭಾಷೆಗಳಿಗೆ ತಲಾ 100, ಒಟ್ಟು 625. ಹೆದ್ದಾರಿಯ ಬದಿಯ ಫ್ಲೆಕ್ಸುಗಳಲ್ಲಿ ಮಕ್ಕಳ ಭಾವಚಿತ್ರದ ಕೆಳಗೆ ಕಾಣುವ ಸಂಖ್ಯೆಗಳು ಇದರೊಳಗಿನವೇ. ಆದ್ದರಿಂದ ನಗರದ ಶಾಲೆಯಲ್ಲಿ ಹೆಚ್ಚಿನ ವಿಷಯವಿದೆ, ಹೋಬಳಿಯ ಶಾಲೆಯಲ್ಲಿ ಕಡಿಮೆ ವಿಷಯವಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಗರದ ಶಾಲೆ ಕೇಂದ್ರ ಪಠ್ಯಕ್ರಮದ್ದಾಗಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ಈಗ ಮಾಧ್ಯಮದ ವಿಚಾರ. ಇದರಲ್ಲಿ ನಿಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣದ ಒಂದು ಸಂಗತಿಯಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುವ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಿದೆ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಗ್ರಾಮೀಣರಿಗೆ ಶೇಕಡಾ 25, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಇದೆ. ಈ ಮೀಸಲಾತಿ ದೊರೆಯಬೇಕಾದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಅಥವಾ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಿಮ್ಮ ಮಗಳು ಈಗಾಗಲೇ ಏಳು ವರ್ಷಗಳನ್ನು ಎರಡೂ ಬಗೆಯಲ್ಲಿ ಪೂರೈಸಿದ್ದಾಳೆ. ಉಳಿದಿರುವ ಮೂರು ವರ್ಷಗಳಿಗೆ ಅವಳನ್ನು ದಾವಣಗೆರೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಎರಡೂ ಹಕ್ಕುಗಳು ಒಟ್ಟಿಗೆ ಕೈತಪ್ಪುತ್ತವೆ, ಮತ್ತೆ ಯಾವ ಅರ್ಜಿಯಿಂದಲೂ ಅವು ಹಿಂದಿರುಗುವುದಿಲ್ಲ. ಸಾಮಾನ್ಯ ವರ್ಗದವರಾಗಿದ್ದರೆ ಗ್ರಾಮೀಣ ಮೀಸಲಾತಿಗೆ ಆದಾಯದ ಮಿತಿಯ ಪ್ರಮಾಣಪತ್ರವೂ ಬೇಕಾಗುತ್ತದೆ, ಅದು ಬೇರೆ ಮಾತು. ಮಗಳು ಡಾಕ್ಟರಾಗಲಿ, ಎಂಜಿನಿಯರಾಗಲಿ ಎಂದು ಆಸೆಪಡುವ ತಂದೆಯೇ ಆ ಸೀಟಿಗೆ ಇರುವ ಎರಡು ಬಾಗಿಲುಗಳನ್ನು ತಿಳಿಯದೆ ಮುಚ್ಚುತ್ತಿದ್ದಾರೆ ಎಂಬುದನ್ನು ಅವರಿಗೆ ಜಗಳವಾಡದೆ ತಿಳಿಸಿ.

ಒಂದು ಎಚ್ಚರಿಕೆ. ಹೋಬಳಿಯ ದೊಡ್ಡ ಊರುಗಳೆಲ್ಲ ಗ್ರಾಮೀಣ ಪ್ರದೇಶವೇ ಎಂದು ಭಾವಿಸಬಾರದು. ನಾಯಕನಹಟ್ಟಿ ಈಗ ಪಟ್ಟಣ ಪಂಚಾಯಿತಿಯಾಗಿದೆ, ಮಲೆಬೆನ್ನೂರು ಪುರಸಭೆಯಾಗಿದೆ. ನೀವು ಆರಿಸುವ ಪ್ರೌಢಶಾಲೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಮುಂದೆ ವ್ಯಾಸಂಗ ಪ್ರಮಾಣಪತ್ರಕ್ಕೆ ಮೇಲುಸಹಿ ಹಾಕುವುದೂ ಆ ಕಚೇರಿಯೇ. ಹಾಗೆಯೇ ಕೆಲವು ಸರ್ಕಾರಿ ಶಾಲೆಗಳಲ್ಲೂ ಈಗ ಆಂಗ್ಲ ಮಾಧ್ಯಮದ ವಿಭಾಗಗಳಿರುವುದರಿಂದ, ದಾಖಲಾತಿ ಅರ್ಜಿಯಲ್ಲಿ ಮಾಧ್ಯಮದ ಎದುರು ಏನು ಬರೆದಿದ್ದಾರೆ ಎಂಬುದನ್ನು ಸಹಿ ಮಾಡುವ ಮುನ್ನ ಓದಿ.

ಇನ್ನೂ ಒಂದು ಲಾಭವಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಯೊಳಗಿದ್ದು, ಮಗು ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳಿಗೆ ಈ ಅವಕಾಶವಿಲ್ಲ. ಗಣಿತದಲ್ಲಿ ಚುರುಕಾಗಿರುವ ಹುಡುಗಿಗೆ ಇದು ಹೇಳಿ ಮಾಡಿಸಿದ ಪರೀಕ್ಷೆ. ಶಾಲೆ ಸೇರಿದ ತಿಂಗಳಲ್ಲೇ ಮುಖ್ಯೋಪಾಧ್ಯಾಯರಿಗೆ ಹೇಳಿಡಿ.

ಆದರೆ ಮೀಸಲಾತಿ, ವಿದ್ಯಾರ್ಥಿವೇತನಗಳ ಲೆಕ್ಕದಿಂದ ಮಾತ್ರ ನಿಮ್ಮ ಯಜಮಾನರ ಮನಸ್ಸು ಬದಲಾಗಲಾರದು, ಏಕೆಂದರೆ ಅವರ ಹಟದ ಬೇರು ಇರುವುದು ಅವರ ಪಿಯುಸಿಯಲ್ಲಿ. ತರಗತಿಯಲ್ಲಿ ಕುಳಿತು, ಹತ್ತನೆಯವರೆಗೆ ತನಗೆ ಚೆನ್ನಾಗಿ ಗೊತ್ತಿದ್ದ ವಿಷಯವನ್ನೇ ಗುರುತಿಸಲಾಗದೆ, ಪಕ್ಕದವರನ್ನು ಕೇಳಲೂ ನಾಚಿ, ಕೊನೆಗೆ ಊರಿಗೆ ಮರಳಿದವರ ಅವಮಾನ ಸಣ್ಣದಲ್ಲ, ಮತ್ತು ಅದು ಮಗಳಿಗೆ ಬರಬಾರದು ಎಂಬ ಕಾಳಜಿಯನ್ನು ನಾನು ಗೌರವಿಸುತ್ತೇನೆ. ವಿಜ್ಞಾನದ ಪಿಯು ಕಾಲೇಜುಗಳಲ್ಲಿ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂಬುದೂ ನಿಜ. ಆದರೆ ಅವರು ಹದಿನಾರರಲ್ಲಿ ಪಟ್ಟ ಕಷ್ಟವನ್ನು ಮಗಳಿಗೆ ಹದಿಮೂರರಲ್ಲೇ, ಅದೂ ಹೊಸ ಊರು, ಹೊಸ ಮನೆ, ಹೊಸ ಭಾಷೆಗಳ ಜೊತೆಗೆ ಕೊಟ್ಟರೆ ಅದು ಪರಿಹಾರವಾಗುವುದಿಲ್ಲ. ಅವರಿಗೆ ಅಂದು ಬೇಕಾಗಿದ್ದದ್ದು ಇಂಗ್ಲಿಷಿನ ಪರಿಚಯ. ಅದನ್ನು ಕನ್ನಡ ಮಾಧ್ಯಮದಲ್ಲಿದ್ದುಕೊಂಡೇ ಮೂರು ವರ್ಷಗಳಲ್ಲಿ ನಿಧಾನವಾಗಿ ಕೊಡಿಸಬಹುದು.

ಅದಕ್ಕೆ ದಾರಿ ಹೀಗಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಗಣಿತ, ವಿಜ್ಞಾನ ಪುಸ್ತಕಗಳು ಎರಡೂ ಮಾಧ್ಯಮಗಳಲ್ಲಿ ಇವೆ, ಪಾಠಗಳ ಕ್ರಮವೂ ಒಂದೇ, ಮತ್ತು ಅವನ್ನು ಮೊಬೈಲಿನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಶಾಲೆಯಲ್ಲಿ ಒಂದು ಪಾಠ ಕನ್ನಡದಲ್ಲಿ ಅರ್ಥವಾದ ವಾರದಲ್ಲಿ ಅದೇ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ಒಮ್ಮೆ ಓದಲಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ದ್ಯುತಿಸಂಶ್ಲೇಷಣೆಯೇ ಫೋಟೋಸಿಂಥೆಸಿಸ್ ಎಂದು ಎಂಟನೆಯಲ್ಲೇ ತಿಳಿದವಳು ಪಿಯುಸಿಯಲ್ಲಿ ಬೆಚ್ಚುವುದಿಲ್ಲ. ಪಾರಿಭಾಷಿಕ ಪದಗಳಿಗೆ ಒಂದು ನೋಟುಪುಸ್ತಕ ಇಡಲಿ, ಮತ್ತು ಆ ಪುಸ್ತಕವನ್ನು ಸಂಜೆ ಅವಳ ಜೊತೆ ಕುಳಿತು ನೋಡುವ ಕೆಲಸವನ್ನು ನಿಮ್ಮ ಯಜಮಾನರಿಗೇ ಒಪ್ಪಿಸಿ. ಈ ವಿಷಯದಲ್ಲಿ ಅವರಿಗಿಂತ ಕಾಳಜಿಯುಳ್ಳ ಮೇಷ್ಟ್ರು ಅವಳಿಗೆ ಸಿಗಲಾರರು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೇ ಈಗ ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂಬುದೂ ಅವರಿಗೆ ಗೊತ್ತಿರಲಿ.

ಸಂಸ್ಕೃತದ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಸಂಸ್ಕೃತ ಕಲಿಯುವ ಆಸೆಯಿಂದ ತೆಗೆದುಕೊಂಡರೆ ಅದು ಒಳ್ಳೆಯ ಆಯ್ಕೆ. 125ಕ್ಕೆ 125 ಬರುತ್ತದೆ, ಎಷ್ಟೋ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬ ಲೆಕ್ಕಾಚಾರದಿಂದ ತೆಗೆದುಕೊಂಡರೆ ಮಗು ಸಂಸ್ಕೃತವನ್ನೂ ಕಲಿಯುವುದಿಲ್ಲ, ಕನ್ನಡವೂ ಎರಡನೆಯದೋ ಮೂರನೆಯದೋ ಆಗಿ ಹಿಂದೆ ಸರಿಯುತ್ತದೆ. ಆ ಅಂಕಗಳು ಪಿಯು ಕಾಲೇಜಿನ ಸೀಟಿನವರೆಗೆ ನೆರವಾಗಬಹುದು, ಮುಂದೆ ಸಿಇಟಿ, ನೀಟ್ ರ‍್ಯಾಂಕಿಗೆ ಎಸ್ಸೆಸ್ಸೆಲ್ಸಿ ಅಂಕ ಸೇರುವುದಿಲ್ಲ. ಗ್ರಂಥಾಲಯದ ಪುಸ್ತಕಗಳನ್ನು ಬಿಡದೆ ಓದುವ ಹುಡುಗಿಗೆ ಕನ್ನಡವೇ ಮೊದಲ ಭಾಷೆಯಾಗಿರಲಿ. ಮೂರನೆಯ ಭಾಷೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ, ಈಗ ಓದುತ್ತಿರುವ ಹಿಂದಿಯೇ ಮುಂದುವರಿಯಬಹುದು. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ ಆ ಜಾಗದಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್ ಮುಂತಾದ ವೃತ್ತಿ ವಿಷಯಗಳನ್ನು ಓದುವ ಅವಕಾಶವೂ ಇದೆ. ಆ ಮಾತು ಮುಂದಿನ ವರ್ಷಕ್ಕಿರಲಿ.

ಇನ್ನು ಮನೆಯ ಪ್ರಶ್ನೆ. ಓರಗಿತ್ತಿ ಒಳ್ಳೆಯವರು, ಆದರೆ ಅವರಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಎಂದು ನೀವು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ನೀವು ಬರೆಯದೆ ಬಿಟ್ಟದ್ದು ನನಗೆ ಅರ್ಥವಾಗುತ್ತದೆ. ಯಾರೂ ಕೆಟ್ಟವರಾಗದೆಯೂ, ಊಟ ಹಾಕಿದ ಮನೆಯ ಋಣಕ್ಕೆ ಹದಿಮೂರರ ಹುಡುಗಿ ತಾನಾಗಿಯೇ ಮಗುವನ್ನು ಎತ್ತಿಕೊಳ್ಳುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಅರ್ಥವಾಗದ ಪಾಠದ ಬಗ್ಗೆಯಾಗಲಿ ಮೈಮೇಲಾಗುವ ಬದಲಾವಣೆಯ ಬಗ್ಗೆಯಾಗಲಿ ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ. ಮೊದಲೇ ಬಾಯಿಬಿಡದ ಸ್ವಭಾವದವಳು ಅಲ್ಲಿ ಇನ್ನಷ್ಟು ಮೌನವಾಗುತ್ತಾಳೆ. ಅವಳು ಈ ಮೂರು ವರ್ಷ ನಿಮ್ಮ ಜೊತೆಗಿರಲಿ ಎಂದು ಬಯಸುವುದಕ್ಕೆ ಓದಿದವರೇ ಆಗಬೇಕೆಂದಿಲ್ಲ.

ಹಾಗೆಂದು ಹತ್ತಿರದ ಶಾಲೆ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇಡೀ ತೀರ್ಮಾನ ನಿಂತಿರುವುದು ಅಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರಕ್ಕೂ ಶಿಕ್ಷಕರು ಇದ್ದಾರೆಯೇ, ಇದ್ದರೆ ವರ್ಷವಿಡೀ ಇರುತ್ತಾರೆಯೇ ಎಂಬುದರ ಮೇಲೆ. ಮುಖ್ಯೋಪಾಧ್ಯಾಯರನ್ನು ಕೇಳಿ, ಅದಕ್ಕಿಂತ ಮುಖ್ಯವಾಗಿ ಈಗ ಅಲ್ಲಿ ಒಂಬತ್ತು, ಹತ್ತನೆಯಲ್ಲಿರುವ ನಿಮ್ಮೂರಿನ ಮಕ್ಕಳನ್ನು ಕೇಳಿ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗಣಿತದ ಹುದ್ದೆ ಖಾಲಿಯಿದ್ದು ಅತಿಥಿ ಶಿಕ್ಷಕರೂ ಬಂದಿಲ್ಲವೆಂದಾದರೆ ನನ್ನ ಸಲಹೆ ಬದಲಾಗುತ್ತದೆ: ಆಗ ದಾವಣಗೆರೆ ಅಥವಾ ಚಿತ್ರದುರ್ಗದ ಸರ್ಕಾರಿ ಇಲ್ಲವೇ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯನ್ನು ನೋಡಿ. ಗ್ರಾಮೀಣ ಮೀಸಲಾತಿ ಹೋಗುತ್ತದೆ, ಕನ್ನಡ ಮಾಧ್ಯಮದ ಮೀಸಲಾತಿಯೂ ವಿದ್ಯಾರ್ಥಿವೇತನದ ಅವಕಾಶವೂ ಉಳಿಯುತ್ತವೆ. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟಿನ ಖರ್ಚಿಲ್ಲ. ಬಸ್ಸಿನ ಸಮಯ ಹೊಂದದಿದ್ದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಬಹುದು. ಬಂಧುಗಳ ಮನೆಗಿಂತ ಅದು ಮೇಲೆಂದು ನನ್ನ ಎಣಿಕೆ, ಏಕೆಂದರೆ ಅಲ್ಲಿ ಅವಳು ಯಾರ ಋಣದಲ್ಲೂ ಇರುವುದಿಲ್ಲ.

ಮಗಳ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ. ‘ಎಲ್ಲಿಗೆ ಹೋಗುತ್ತೀಯ?’ ಎಂದು ಅಪ್ಪನ ಎದುರಿಗೆ ಕೇಳಿದರೆ ಅವಳು ನೆಲ ನೋಡುತ್ತಾಳೆ. ಅದರ ಬದಲು ಶಾಲೆಗಳಿಗೆ ಅವಳನ್ನೂ ಕರೆದುಕೊಂಡು ಹೋಗಿ, ಹಿಂದಿರುಗುವ ದಾರಿಯಲ್ಲಿ ಅಲ್ಲಿ ಏನು ಇಷ್ಟವಾಯಿತು, ಯಾವುದಕ್ಕೆ ಹೆದರಿಕೆಯಾಯಿತು ಎಂದು ನೀವೊಬ್ಬರೇ ಕೇಳಿ. ಅವಳು ಇಂಗ್ಲಿಷ್ ಮಾಧ್ಯಮವೇ ಬೇಕು ಎಂದರೆ, ಅದು ಅಪ್ಪನನ್ನು ಮೆಚ್ಚಿಸಲು ಹೇಳಿದ ಮಾತಲ್ಲವೆಂದು ನಿಮಗೆ ಮನವರಿಕೆಯಾದರೆ, ಮೇಲಿನ ನಷ್ಟಗಳನ್ನು ಅವಳಿಗೂ ತಿಳಿಸಿ ಮತ್ತೆ ಯೋಚಿಸಬಹುದು.

ಎಲ್ಲರೂ ನಿಮ್ಮನ್ನೇ ದೂರುತ್ತಾರೆ ಎಂಬ ಭಯಕ್ಕೆ ಉಪಾಯವೆಂದರೆ ತೀರ್ಮಾನವನ್ನು ನೀವೊಬ್ಬರೇ ಹೊರದಿರುವುದು. ವರ್ಗಾವಣೆ ಪತ್ರ ತರುವ ಮುನ್ನ ಗಂಡ, ಹೆಂಡತಿ ಇಬ್ಬರೂ ಏಳನೆಯ ತರಗತಿಯ ಶಿಕ್ಷಕರನ್ನು ಕಾಣಿರಿ. ಮಗಳ ಶಕ್ತಿಯೇನು ಎಂಬುದು ಅಣ್ಣನವರಿಗಿಂತ, ಫ್ಲೆಕ್ಸಿನವರಿಗಿಂತ ಅವರಿಗೆ ಗೊತ್ತು. ಮೀಸಲಾತಿಯ ನಿಯಮವನ್ನು ಅವರ ಬಾಯಿಂದಲೇ ಹೇಳಿಸಿ, ನಿಮ್ಮ ಯಜಮಾನರು ಅದನ್ನು ಹೆಂಡತಿಯ ವಾದವೆಂದು ತಳ್ಳಿಹಾಕದೆ ಕೇಳಿಸಿಕೊಳ್ಳುತ್ತಾರೆ. ಜೂನ್ ಮೊದಲ ವಾರದೊಳಗೆ ಇದಾಗಲಿ, ದಾವಣಗೆರೆಯ ಶಾಲೆಗೆ ಮುಂಗಡ ಕಟ್ಟುವುದನ್ನು ಅಲ್ಲಿಯವರೆಗೆ ತಡೆಹಿಡಿಯಲು ಅವರನ್ನು ಒಪ್ಪಿಸಿ.