ಮಾತ್ರೆ ನಿಲ್ಲಿಸಿದರೂ ಮರಳದ ಲೈಂಗಿಕ ಆಸಕ್ತಿ

ಪ್ರಶ್ನೆ: ನನಗೆ 34 ವರ್ಷ. ಖಿನ್ನತೆಗೆಂದು ಸೇವಿಸುತ್ತಿದ್ದ ಎಸ್ಸಿಟಲೋಪ್ರಾಮ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿ ವರ್ಷವಾಯಿತು. ಮನಸ್ಸು ಹಗುರಾಗಿದೆ, ಆದರೆ ಲೈಂಗಿಕ ಆಸಕ್ತಿ ಮರಳಿಲ್ಲ, ಜನನಾಂಗದಲ್ಲಿ ಸ್ಪರ್ಶವೇ ಮಂದವಾಗಿದೆ. ಇದು ನನ್ನ ಭ್ರಮೆಯೇ? ಚಿಕಿತ್ಸೆ ಇದೆಯೇ?

ಉತ್ತರ: ಖಂಡಿತ ಭ್ರಮೆಯಲ್ಲ. ಈ ಗುಂಪಿನ ಔಷಧಗಳನ್ನು ನಿಲ್ಲಿಸಿದ ಬಳಿಕವೂ ಕೆಲವರಲ್ಲಿ ಲೈಂಗಿಕ ತೊಂದರೆ ಉಳಿಯಬಹುದೆಂಬ ಎಚ್ಚರಿಕೆಯನ್ನು ಮಾಹಿತಿ ಪತ್ರದಲ್ಲಿ ಸೇರಿಸಬೇಕೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಸೂಚಿಸಿದೆ. ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಸಿರೊಟೋನಿನ್ ಅನ್ನು ಸ್ವೀಕರಿಸುವ ಗ್ರಾಹಕಗಳಲ್ಲಿನ ಬದಲಾವಣೆ, ಹಾರ್ಮೋನುಗಳ ಅಥವಾ ನರಸಂವೇದನೆಯ ಏರುಪೇರು ಎಂಬ ಊಹೆಗಳಿದ್ದರೂ ಕಾರಣ ಇನ್ನೂ ಸಾಬೀತಾಗಿಲ್ಲ. ಖಿನ್ನತೆಯೂ ಆಸಕ್ತಿಯನ್ನು ಕುಗ್ಗಿಸುತ್ತದೆ ನಿಜ. ಆದರೆ ಸ್ಪರ್ಶ ಮಂದವಾಗುವುದು ಖಿನ್ನತೆಯ ಸಾಮಾನ್ಯ ಲಕ್ಷಣವಲ್ಲವಾದ್ದರಿಂದ, ಸಂಕೋಚಪಡದೆ ಅದನ್ನು ಮನೋವೈದ್ಯರಿಗೆ ಬಿಡಿಸಿ ಹೇಳಿ. ಮಧುಮೇಹ, ಥೈರಾಯ್ಡ್, ಟೆಸ್ಟೋಸ್ಟಿರಾನ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳನ್ನು ಮಾಡಿಸಿ, ಬೇರೆ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ.

ಸಾಬೀತಾದ ಚಿಕಿತ್ಸೆ ಸದ್ಯಕ್ಕಿಲ್ಲ. ಸಿಲ್ಡೆನಾಫಿಲ್ ನಿಮಿರುವಿಕೆಗೆ ನೆರವಾದರೂ ಆಸಕ್ತಿಯನ್ನಾಗಲಿ ಸ್ಪರ್ಶವನ್ನಾಗಲಿ ಮರಳಿಸದು. ಖಿನ್ನತೆಯ ಇನ್ನೊಂದು ಔಷಧವಾದ ಬುಪ್ರೊಪಿಯಾನ್‌ನಿಂದ ಕೆಲವರಿಗೆ ಮಾತ್ರ ಅನುಕೂಲವಾಗಿದೆ. ಕಾಲ ಕಳೆದಂತೆ ತಾನಾಗಿ ಸುಧಾರಿಸಿದವರೂ ಇದ್ದಾರೆ. ಗ್ಯಾರಂಟಿ ಚಿಕಿತ್ಸೆಯೆಂದು ಗೋಡೆಗಳ ಮೇಲೆ ಬರೆಸುವ ಗುಪ್ತರೋಗ ಕ್ಲಿನಿಕ್‌ಗಳಿಗೆ ದಯವಿಟ್ಟು ಹಣ ಸುರಿಯಬೇಡಿ. ಇದನ್ನೋದಿ ಗಾಬರಿಯಾಗಿ, ಈಗ ಸೇವಿಸುತ್ತಿರುವ ಮಾತ್ರೆಯನ್ನು ಯಾರೂ ಏಕಾಏಕಿ ನಿಲ್ಲಿಸಬಾರದು.