ಪೀಕ್ ಇಂಪ್ಲಾಂಟಿಗೆ ಮೂಳೆ ಹಿಡಿಯಬೇಕು, ಬ್ಯಾಕ್ಟೀರಿಯಾನೂ ಸಾಯಬೇಕು: ಸಲ್ಫೋನೇಷನ್ನೋ, ಬೆಳ್ಳಿಯೋ, ಪ್ಲಾಸ್ಮಾವೋ?

ಪೀಕ್ ಅಂದರೆ ಮೂಳೆಯ ಇಂಪ್ಲಾಂಟಿಗೆ ಬಳಸುವ ಗಟ್ಟಿ ಪ್ಲಾಸ್ಟಿಕ್. ಅದರ ಮೇಲ್ಮೈಗೆ ಆಮ್ಲದ ಸಲ್ಫೋನೇಷನ್, ಬೆಳ್ಳಿ ಲೇಪನ, ಪ್ಲಾಸ್ಮಾ (ವಿದ್ಯುತ್‌ನಿಂದ ಕೆರಳಿಸಿದ ಅನಿಲ), ಈ ಮೂರರಲ್ಲಿ ‘ಯಾವುದರಲ್ಲಿ ಬ್ಯಾಕ್ಟೀರಿಯಾ ಹೆಚ್ಚು ಸಾಯುತ್ತೆ’ ಅಂತ ಕೇಳಿದ್ದೀರಿ. ಎಂ.ಟೆಕ್‌ನಲ್ಲಿ ನಾನೂ ಇದನ್ನೇ ಕೇಳಿಕೊಂಡು ಹೊರಟವನು. ನೀವು ಗೋಣಿಕೊಪ್ಪ, ನಮ್ಮದು ಪೊನ್ನಂಪೇಟೆ ಕಡೆ. ಚಿಕ್ಕಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನಿಗೆ ಪೀಕ್ ಕೇಜ್ (ಬೆನ್ನುಮೂಳೆಗಳ ನಡುವೆ ಕೂರಿಸುವ ಆಸರೆ) ಹಾಕಿಸಿಕೊಂಡರು, ನನಗೆ ಹುಚ್ಚು ಹತ್ತಿದ್ದು ಅಲ್ಲಿಂದ.

ಪಾಲಿಮರೇನೋ ಒಳ್ಳೆಯದೇ. ಟೈಟಾನಿಯಂ ಬಿಗುವು ಸುಮಾರು 110 ಗಿಗಾಪ್ಯಾಸ್ಕಲ್, ಪೀಕ್‌ದು 3–4. ಹಾಗಾಗಿ ಭಾರವನ್ನೆಲ್ಲ ತಾನೇ ಹೊತ್ತು ಮೂಳೆಯನ್ನು ಸವೆಸಲ್ಲ. ತಕರಾರೆಲ್ಲ ಮೇಲ್ಮೈಯದು: ಕೆಸುವಿನೆಲೆ ಮೇಲಿನ ನೀರಿನ ಹಾಗೆ ಮೂಳೆಕೋಶ ಅಲ್ಲಿ ಸರಿಯಾಗಿ ನೆಲೆ ನಿಲ್ಲಲ್ಲ.

ನಾನು ಆರಿಸಿಕೊಂಡಿದ್ದು ಸಲ್ಫೋನೇಷನ್. ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿದರೆ ಮೇಲ್ಪದರವೆಲ್ಲ ಸಣ್ಣ ಸಣ್ಣ ತೂತು, ಕೋಶಕ್ಕೆ ಹಿಡಿತ. ಹುತ್ತರಿಗೆ ಊರಿಗೆ ಹೋಗೋ ಆತುರ ಬೇರೆ. ಆಮ್ಲದಿಂದ ತೆಗೆದ ಪೀಕ್ ಬಿಲ್ಲೆಗಳನ್ನು ನೀರಲ್ಲಿ ಜಾಲಾಡಿ, ಒಣಗಿಸಿ, ಡಬ್ಬಿಗೆ ಹಾಕಿ ಬಸ್ ಹತ್ತಿದೆ.

ವಾಪಸ್ ಬಂದು ಕೆಲವು ಬಿಲ್ಲೆಗಳ ಮೇಲೆ ಸೋಂಕು ತರುವ ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ, ಇನ್ನು ಕೆಲವದರ ಮೇಲೆ ಮೂಳೆಕೋಶ ಬಿಟ್ಟೆ. ಮಾರನೇ ದಿನ ಬರೀ ಪೀಕ್ ಇದ್ದ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಬ್ಯಾಕ್ಟೀರಿಯಾ ಬೆಳೆದು ಕದಡಿಹೋಗಿತ್ತು, ನನ್ನದು ತಿಳಿ! ಲ್ಯಾಬಿನವರಿಗೆಲ್ಲ ಕಾಫಿ ಕೊಡಿಸಿದೆ. ಮೂಳೆಕೋಶದ ಪ್ಲೇಟಿನಲ್ಲಿ ಕೆಂಪಗಿದ್ದ ಮೀಡಿಯಂ (ಕೋಶ ಬೆಳೆಸುವ ದ್ರವ) ಹಳದಿಯಾಗಿತ್ತು. ಕೋಶ ಚೆನ್ನಾಗಿ ಬೆಳೆದರೂ ಆಮ್ಲ ಬಿಟ್ಟು ಹಳದಿಯಾಗುತ್ತಲ್ಲ, ಹಾಗೇ ಅಂದುಕೊಂಡೆ. ಡೈ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಸಿರೇ ಇಲ್ಲ, ಪೂರಾ ಕೆಂಪು. ಅಂದರೆ ಎಲ್ಲ ಸತ್ತಿವೆ.

ತೂತುಗಳೊಳಗೆ ಆಮ್ಲ ಹಾಗೇ ಕೂತಿತ್ತು. ಬ್ಯಾಕ್ಟೀರಿಯಾ ಕೊಂದಿದ್ದೂ ಅದೇ, ಮೂಳೆಕೋಶ ಕೊಂದಿದ್ದೂ ಅದೇ. ಬರೀ ನೀರು ಸಾಲದು. ಅಸಿಟೋನಿನಲ್ಲಿ ತೊಳೆದು, ಆಮೇಲೆ ಮುಚ್ಚಿದ ಪಾತ್ರೆಯಲ್ಲಿ 120 ಡಿಗ್ರಿ ನೀರಿನಲ್ಲಿಟ್ಟು ಉಳಿದ ಗಂಧಕ ಇಳಿಸಬೇಕು. ಅದೂ ಬಿಡಿ, ಕೋಶ ಹಾಕದೆ ಖಾಲಿ ಮೀಡಿಯಂನಲ್ಲಿ ಒಂದು ಬಿಲ್ಲೆ ನೆನೆಸಿಟ್ಟಿದ್ದರೂ ಸಾಕಿತ್ತು, ತನ್ನಷ್ಟಕ್ಕೆ ಹಳದಿಯಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು. ಅಷ್ಟು ಮಾಡದ್ದಕ್ಕೆ ಒಂದು ಸೆಮಿಸ್ಟರ್ ಹೋಯಿತು.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ತಪ್ಪು. ಬ್ಯಾಕ್ಟೀರಿಯಾ ಕೊಲ್ಲೋಕೆ ಫಿನಾಯಿಲ್ ಸಾಕು, ಎಂ.ಟೆಕ್ ಯಾಕೆ? ಮೂಳೆ ಸರ್ಜನ್ ಆಂಥೊನಿ ಗ್ರಿಸ್ಟಿನಾ 1987ರಲ್ಲೇ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಅಂದಿದ್ದರು. ದೇಹದ ಕೋಶ ಮೊದಲು ಜಾಗ ಹಿಡಿದರೆ ಬ್ಯಾಕ್ಟೀರಿಯಾಗೆ ನೆಲೆ ಸಿಗೋದು ಕಷ್ಟ. ಬೆಳ್ಳಿ ಪ್ರಮಾಣ ಏರಿಸಿದರೆ ಓಡಬೇಕಾದ ಕೋಶವೂ ಸಾಯುತ್ತೆ. ಪ್ಲಾಸ್ಮಾ ಚೆನ್ನಾಗಿದೆ, ಆದರೆ ಗಾಳಿಯಲ್ಲಿಟ್ಟರೆ ದಿನ ಕಳೆದಂತೆ ಮೇಲ್ಮೈ ಮತ್ತೆ ಹಳೇ ಗುಣಕ್ಕೆ ತಿರುಗುತ್ತೆ, ಮಾಡಿದ ಕೂಡಲೇ ಟೆಸ್ಟ್ ಮಾಡಿ. ನನ್ನ ಓಟು ಈಗಲೂ ಸಲ್ಫೋನೇಷನ್‌ಗೇ. ನಿಮ್ಮ ಗೈಡ್ ಬೆಳ್ಳಿಯೇ ಬೇಕು ಅಂತ ಕೂತರೆ, ಮೂಳೆಕೋಶ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ಒಂದೇ ಬಿಲ್ಲೆ ಮೇಲೆ ಬಿಟ್ಟು ನೋಡೋಣ ಸರ್ ಅನ್ನಿ.