‘ಪರಿಶೀಲಿಸಲಾಗುವುದು’ ಅಂದರೆ ಏನು ಸ್ವಾಮಿ?

ಪಾವಗಡ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಸಂಪಾದಕರೇ, ನನ್ನ ತಂಗಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಅಂಗವಿಕಲತೆ ಸರ್ಟಿಫಿಕೇಟ್ ಮಾಡಿಸೋಕೆ ಅಮ್ಮನೂ ನಾನೂ ಸೇರಿ ಅವಳನ್ನು ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಒಂದು ಸಲ ಡಾಕ್ಟರ್ ರಜೆ. ಇನ್ನೊಂದು ಸಲ ಸರ್ವರ್ ಡೌನ್. ಮೂರನೇ ಸಲ ‘ಮುಂದಿನ ವಾರ ಬನ್ನಿ’. ನಾನು ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದೀನಿ. ಮೊನ್ನೆ ಮೊಬೈಲ್‌ನಲ್ಲಿ ಅಧಿವೇಶನ ನೋಡುತ್ತಿದ್ದೆ. ಯಾವ ಕ್ಷೇತ್ರದವರೋ ಗೊತ್ತಾಗಲಿಲ್ಲ, ಒಬ್ಬ ಶಾಸಕರು ವಿಕಲಚೇತನರ ಬಗ್ಗೆ ಕೇಳಿದರು. ಮಂತ್ರಿಗಳು ‘ಪರಿಶೀಲಿಸಲಾಗುವುದು’ ಅಂದು ಕೂತರು. ಮುಗೀತು. ಇದಕ್ಕೆ ಅಧಿವೇಶನ ಬೇಕಾ? ಎಲ್ಲ ನಾಟಕ ಅಲ್ವಾ?”

ನಿಮ್ಮ ಪತ್ರಕ್ಕೆ ಪಿನ್ ಹೊಡೆದು ಕಳಿಸಿದ ಬಸ್ ಟಿಕೆಟ್‌ಗಳು ನನ್ನ ಮೇಜಿನ ಮೇಲಿವೆ. ಎಣಿಸಿದೆ. ಹೋಗಿ ಬರೋದು ಸೇರಿ 18. ಆರು ನಿಮ್ಮವು, ದುಡ್ಡು ಕೊಟ್ಟದ್ದು. ಉಳಿದ ಹನ್ನೆರಡು ಅಮ್ಮ ಮತ್ತು ತಂಗಿಯವು, ಸೊನ್ನೆ ರೂಪಾಯಿಯವು. ಸರ್ಟಿಫಿಕೇಟ್ ಮಾತ್ರ ಇಲ್ಲ. ಆಸ್ಪತ್ರೆಯ ಹೆಸರನ್ನು ಬರೆದಿದ್ದೀರಿ, ಅದನ್ನು ನಾನು ಇಲ್ಲಿ ಹಾಕಿಲ್ಲ. ಅದೊಂದೇ ಆಸ್ಪತ್ರೆಯ ಕಥೆ ಅಂತ ನನಗೆ ಅನಿಸುವುದಿಲ್ಲ.

ಈ ಸೊನ್ನೆ ಟಿಕೆಟ್ ನೋಡಿ ನನಗೆ ಒಂದು ವಿಷಯ ಹೊಳೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಪುಕ್ಕಟೆ ಓಡಾಡುತ್ತಿದ್ದಾರೆ. ಪುಕ್ಕಟೆ ಅಂದಮೇಲೆ ಟಿಕೆಟ್ ಯಾಕೆ? ಯಾಕೆಂದರೆ ಆ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಕ್ಕೆ ಕಟ್ಟಿಕೊಡಬೇಕು, ಹಾಗಾಗಿ ಒಂದೊಂದು ಟಿಕೆಟ್ಟಿಗೂ ಲೆಕ್ಕ ಇದೆ. ನಿಮ್ಮ ತಂಗಿ ಬಸ್ ಹತ್ತಿದ್ದು ಸರ್ಕಾರಕ್ಕೆ ಗೊತ್ತು. ನೂರು ಕಿಲೋಮೀಟರ್ ಹತ್ತಿರ ಕೂತು ಬಂದವಳು ಬರಿಗೈಲಿ ವಾಪಸ್ ಹೋದಳಲ್ಲ, ಅದರ ಲೆಕ್ಕ ಯಾರ ಹತ್ತಿರ ಇದೆ? ಶಾಸಕರು ಸದನದಲ್ಲಿ ಕೇಳಬೇಕಾದದ್ದು ಈ ಲೆಕ್ಕ.

ಈಗ ನಾಟಕದ ಮಾತು. ಅರ್ಧ ಒಪ್ಪುತ್ತೇನೆ. ನೀವು ನೋಡಿದ್ದು ಚುಕ್ಕೆ ಗುರುತಿನ ಪ್ರಶ್ನೆ ಇರಬೇಕು. ಅದಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಬೇಕು, ಶಾಸಕರು ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಟಿವಿಯಲ್ಲಿ ಕಾಣೋದು ಮೊದಲನೆಯದು. ಸರಕು ಜಾಸ್ತಿ ಸಿಗೋದು ಎರಡನೆಯದರಲ್ಲಿ. ಯಾರೂ ಅದನ್ನು ಓದುವುದಿಲ್ಲ, ಅಷ್ಟೆ.

ಬಹಳ ವರ್ಷದ ಹಿಂದೆ, ದಿನಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ, ವಿಧಾನಸೌಧದ ಗ್ಯಾಲರಿಯಲ್ಲಿ ಕೂತು ಒಂದು ಪ್ರಶ್ನೋತ್ತರ ನೋಡಿದ್ದೆ. ಡಾಕ್ಟರ್ ಹುದ್ದೆಗಳ ವಿಷಯ. ಉತ್ತರದ ಹಾಳೆ ಹೇಗಿರುತ್ತೆ ಅಂದರೆ, ಮಧ್ಯೆ ಗೆರೆ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ), (ಆ), (ಇ) ಅಂತ ಕಂತು. ಎಡಗಡೆ: “ತಾಲೂಕಿನಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?” ಬಲಗಡೆ: “ಬಂದಿದೆ.” ಮುಗೀತು. ಒಂದೇ ಪದ. ಕೆಳಗೆ: “ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?” ಅದಕ್ಕೆ: “ವಿವರಗಳನ್ನು ಅನುಬಂಧದಲ್ಲಿ ನೀಡಿದೆ.” ಆ ಶಾಸಕರು ಎದ್ದು ಐದು ನಿಮಿಷ ಕೂಗಾಡಿದರು. ಮೇಜು ಕುಟ್ಟಿದರು. ಆದರೆ ಪಿನ್ ಹೊಡೆದಿದ್ದ ಎರಡನೇ ಹಾಳೆ ತಿರುವಲೇ ಇಲ್ಲ. ಆಮೇಲೆ ನಾನು ತಿರುವಿದೆ. ಅವರ ತಾಲೂಕಿನ ಹೆಸರಿನ ಮುಂದೆ ಮಂಜೂರು, ಭರ್ತಿ, ಖಾಲಿ ಅಂತ ಮೂರು ಕಾಲಂ ಇದ್ದವು. ಖಾಲಿ ಕಾಲಂನಲ್ಲಿದ್ದ ಅಂಕಿಯೇ ಭರ್ತಿಗಿಂತ ದೊಡ್ಡದು. ಕೂಗಬೇಕಾಗಿದ್ದದ್ದು ಅದನ್ನು.

ಅದಕ್ಕೇ ನನಗೆ ‘ಗಮನಕ್ಕೆ ಬಂದಿದೆಯೇ’ ಅನ್ನುವ ಪ್ರಶ್ನೆ ಕಂಡರೆ ಆಗುವುದಿಲ್ಲ. ಬಂದಿದೆ ಅಂದರೂ ಒಂದೇ, ಬಂದಿಲ್ಲ ಅಂದರೂ ಒಂದೇ. ಬಂದಿಲ್ಲ ಅಂದುಬಿಟ್ಟರಂತೂ ಕೆಳಗಿನ ಎಲ್ಲ ಕಂತಿಗೂ “ಉದ್ಭವಿಸುವುದಿಲ್ಲ” ಅಂತ ಬರೆದು ಕೈ ತೊಳೆದುಕೊಳ್ಳಬಹುದು.

ನಿಮ್ಮ ತಂಗಿಯ ವಿಷಯಕ್ಕೆ ಬರೋಣ. ಸದನದಲ್ಲಿ ಒಂದು ಪ್ರಶ್ನೆ ಒಬ್ಬ ಮಂತ್ರಿಗೆ ಹೋಗುತ್ತದೆ. ನಿಮ್ಮ ತಂಗಿ ಎಷ್ಟು ಮಂತ್ರಿಗಳಿಗೆ ಸೇರುತ್ತಾಳೆ ಲೆಕ್ಕ ಹಾಕಿ. ತಪಾಸಣೆ ಮಾಡಿ ಶೇಕಡಾ ಎಷ್ಟು ಅಂತ ಬರೆಯುವ ಡಾಕ್ಟರ್ ಆರೋಗ್ಯ ಇಲಾಖೆಯವರು. ಅವರೇನಾದರೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಯವರಾದರೆ ವೈದ್ಯಕೀಯ ಶಿಕ್ಷಣ ಇಲಾಖೆ, ಅದು ಬೇರೆ. ಮಾಸಾಶನಕ್ಕೆ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಅಂದರೆ ಕಂದಾಯ. ಬಸ್ ಪಾಸ್ ಸಾರಿಗೆ. ವೀಲ್‌ಚೇರ್, ತ್ರಿಚಕ್ರ ವಾಹನ ಇತ್ಯಾದಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ನಿಮ್ಮ ಪಂಚಾಯಿತಿ ತನ್ನ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಖರ್ಚು ಮಾಡಬೇಕು. ಅದು ಗ್ರಾಮೀಣಾಭಿವೃದ್ಧಿ. ಇರೋದು ಒಬ್ಬ ಹುಡುಗಿ. ‘ವಿಕಲಚೇತನರಿಗೆ ಏನು ಮಾಡಿದ್ದೀರಿ’ ಅಂತ ಒಟ್ಟಾರೆ ಕೇಳಿದರೆ, ಸಬಲೀಕರಣದ ಮಂತ್ರಿಗಳು ಯೋಜನೆಗಳ ಪಟ್ಟಿ ಓದುತ್ತಾರೆ. ಡಾಕ್ಟರ್ ರಜೆ ಹಾಕಿದ್ದು ಅವರ ಇಲಾಖೆಯ ವಿಷಯವೇ ಅಲ್ಲ. ಅವರು ತಪ್ಪಿಸಿಕೊಂಡರು ಅಂತಲೂ ಹೇಳೋ ಹಾಗಿಲ್ಲ, ಪ್ರಶ್ನೆಯೇ ವಿಳಾಸ ತಪ್ಪಿ ಹೋಗಿರುತ್ತದೆ.

ಕಾನೂನು ಗಟ್ಟಿಯಾಗೇ ಇದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21 ಆಯಿತು. ಆದರೆ ಮೀಸಲಾತಿಯಂಥ ಮುಖ್ಯ ಸವಲತ್ತು ಬೇಕಾದರೆ ಶೇ. 40 ಇದೆ ಅಂತ ಸರ್ಟಿಫಿಕೇಟ್ ಬೇಕು. ಅದನ್ನು ಬರೆಯುವ ಕುರ್ಚಿ ಖಾಲಿ ಇದ್ದರೆ 21 ಇದ್ದೇನು, 210 ಇದ್ದೇನು.

ನಾನೇ ಶಾಸಕನಾಗಿದ್ದರೆ (ಆಗುವುದಿಲ್ಲ, ಹೆದರಬೇಡಿ) ಆರೋಗ್ಯ ಸಚಿವರಿಗೆ ಹೀಗೆ ಬರೆದುಕೊಡುತ್ತಿದ್ದೆ:

“(ಅ) ತುಮಕೂರು ಜಿಲ್ಲೆಯಲ್ಲಿ ಕಳೆದ ಎರಡು ವರ್ಷಗಳಲ್ಲಿ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್‌ಗೆ ಅರ್ಜಿ ಸಲ್ಲಿಸಿದವರೆಷ್ಟು, ತಪಾಸಣೆ ಆದವರೆಷ್ಟು, ಮೂರು ತಿಂಗಳು ದಾಟಿ ಬಾಕಿ ಇರುವ ಅರ್ಜಿಗಳೆಷ್ಟು? (ತಾಲೂಕುವಾರು ವಿವರ ನೀಡುವುದು)

(ಆ) ಯಾವ ಯಾವ ತಾಲೂಕು ಆಸ್ಪತ್ರೆಯಲ್ಲಿ ಯಾವ ದಿನಾಂಕಗಳಂದು ತಪಾಸಣಾ ಶಿಬಿರ ನಡೆದಿದೆ?

(ಇ) ಜಿಲ್ಲೆಯಲ್ಲಿ ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಮಕ್ಕಳ ತಜ್ಞರು ಹಾಗೂ ಮನೋವೈದ್ಯರ ಹುದ್ದೆಗಳು ಮಂಜೂರಾಗಿರುವುದೆಷ್ಟು, ಖಾಲಿ ಇರುವುದೆಷ್ಟು, ಯಾವಾಗಿನಿಂದ?”

ಇದರಲ್ಲಿ ‘ಬಂದಿದೆ’ ಅನ್ನೋಕೆ ಜಾಗ ಇಲ್ಲ. ‘ಯಾವಾಗಿನಿಂದ’ ಅನ್ನುವ ಪದ ಮರೆಯಬೇಡಿ. ಹುದ್ದೆ ಹೋದ ತಿಂಗಳು ಖಾಲಿ ಆಯಿತೋ, ಆರು ವರ್ಷದ ಹಿಂದೆಯೋ ಅನ್ನೋದು ಅದರಿಂದಲೇ ಹೊರಗೆ ಬರೋದು.

ಇನ್ನು ನಿಮಗೆ ಸಿಟ್ಟು ಬರಿಸಿದ ಆ ಪದ. ‘ಪರಿಶೀಲಿಸಲಾಗುವುದು.’ ನೀವು ಅದನ್ನು ಜಾರಿಕೆ ಉತ್ತರ ಅಂದುಕೊಂಡಿರಿ. ಜಾರಿಕೆಯೇ ಇರಬಹುದು, ಆದರೆ ಅದಕ್ಕೊಂದು ಕೊಕ್ಕೆ ಇದೆ. ಸದನದಲ್ಲಿ ಮಂತ್ರಿ ಕೊಟ್ಟ ಮಾತನ್ನು ಬೆನ್ನು ಹತ್ತೋಕೆ ಭರವಸೆಗಳ ಸಮಿತಿ ಅಂತ ಇದೆ. ಲೋಕಸಭೆಯಲ್ಲಂತೂ ಯಾವ ಯಾವ ಮಾತು ಭರವಸೆ ಅಂತ ಪಟ್ಟಿಯೇ ಇದೆ. ‘ಪರಿಶೀಲನೆಯಲ್ಲಿದೆ’, ‘ನೋಡುತ್ತೇನೆ’ ಅನ್ನುವಂಥವೂ ಅದರಲ್ಲಿ ಸೇರಿವೆ. ಮೂರು ತಿಂಗಳ ಗಡುವೂ ಇದೆ. ನಮ್ಮಲ್ಲೂ ಸಮಿತಿ ಇದೆ, ಆದರೆ ಅದಕ್ಕೆ ನೆನಪು ಮಾಡುವವರು ಬೇಕು. ಅಂದರೆ ಆ ಶಾಸಕರು ಮುಂದಿನ ಅಧಿವೇಶನದಲ್ಲಿ ‘ಇಂಥ ದಿನ ಪರಿಶೀಲಿಸುತ್ತೇನೆ ಅಂದಿರಿ, ಏನಾಯಿತು’ ಅಂತ ಕೇಳಬೇಕು. ಅವರಿಗೆ ಮರೆತು ಹೋಗಿರುತ್ತದೆ. ನಿಮಗೆ ಮರೆಯುವುದಿಲ್ಲ, ಅಲ್ವಾ?

ನಿಮ್ಮ ಬಗ್ಗೆಯೂ ಎರಡು ಮಾತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದೀನಿ ಅಂತ ಬರೆದಿದ್ದೀರಿ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷ ಮುಗಿದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ, ತಾಲೂಕುವಾರು ಎಷ್ಟು? ಇದನ್ನು ಕೇಳೋಕೆ ನಿಮ್ಮದೇ ಅಂತ ಒಬ್ಬ ಪ್ರತಿನಿಧಿ ಇದ್ದಾರೆ, ಬಹಳ ಹುಡುಗರಿಗೆ ಇದು ಗೊತ್ತಿಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಆಗ್ನೇಯ ಪದವೀಧರರ ಕ್ಷೇತ್ರಕ್ಕೆ ಸೇರುತ್ತಾರೆ, ಚಿತ್ರದುರ್ಗ ದಾವಣಗೆರೆ ಜೊತೆ. ಪದವಿ ಮುಗಿಸಿ ಮೂರು ವರ್ಷ ಆಗಿರಬೇಕು, ಪ್ರತಿ ಚುನಾವಣೆಗೂ ಹೊಸದಾಗಿ ಹೆಸರು ಸೇರಿಸಬೇಕು. ಮಾಮೂಲಿ ವೋಟರ್ ಲಿಸ್ಟ್‌ನಲ್ಲಿ ಇದ್ದರೆ ಸಾಲದು.

ಶಾಸಕರು ಕೇಳಲೇ ಇಲ್ಲ ಅಂದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮೇಲಿನ ಮೂರು ಕಂತನ್ನೇ ಹತ್ತು ರೂಪಾಯಿ ಕಟ್ಟಿ ನೀವೇ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು, ಅದನ್ನು ನೋಡಿಕೊಳ್ಳಿ.

ಆದರೂ ಮೊದಲು ಶಾಸಕರ ಹತ್ತಿರ ಹೋಗಿ. ಅಧಿವೇಶನ ಶುರುವಾದ ಮೇಲೆ ಹೋದರೆ ಪ್ರಯೋಜನ ಇಲ್ಲ, ಪ್ರಶ್ನೆಯನ್ನು ಮುಂಚೆಯೇ ಬರೆದುಕೊಡಬೇಕು. ದಿನಾಂಕ ಪ್ರಕಟವಾದ ಕೂಡಲೇ ಪಿಎ ಅವರನ್ನು ನೋಡಿ. ಪ್ರಶ್ನೆ ತಯಾರು ಮಾಡೋಕೆ ಅವರೂ ಒದ್ದಾಡುತ್ತಿರುತ್ತಾರೆ, ನೀಟಾಗಿ ಬರೆದ ಒಂದು ಹಾಳೆ ಸಿಕ್ಕರೆ ಬೇಡ ಅನ್ನುವುದಿಲ್ಲ. ಹಾರ, ಶಾಲು ಬೇಡ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇದ್ದರೆ ಕರೆದುಕೊಂಡು ಹೋಗಿ, ಅವರ ಹತ್ತಿರ ಊರಿನ ವಿಕಲಚೇತನರ ಪಟ್ಟಿ ಇರುತ್ತದೆ. ಸದನದಲ್ಲಿ ಬಂದ ಉತ್ತರಗಳನ್ನು ವಿಧಾನಮಂಡಲದ ವೆಬ್‌ಸೈಟ್‌ನಲ್ಲಿ ಹಾಕುತ್ತಾರೆ. ಅನುಬಂಧ ಬಿಡಬೇಡಿ, ತಿರುವಿ ನೋಡಿ.

ಟಿಕೆಟ್‌ಗಳನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅಚ್ಚು ಆಗಲೇ ಮಾಸುತ್ತಿದೆ, ಇನ್ನೊಂದು ಬೇಸಿಗೆಗೆ ಏನೂ ಉಳಿಯುವುದಿಲ್ಲ. ಎರಡು ಸೆಟ್ ಜೆರಾಕ್ಸ್ ಮಾಡಿಸಿದ್ದೇನೆ. ಒಂದು ಪಿಎಗೆ ಕೊಡಿ, ಒಂದು ನನ್ನ ಡ್ರಾಯರ್‌ನಲ್ಲಿ ಇರುತ್ತದೆ. ನಾಲ್ಕನೇ ಸಲ ತಂಗಿಯನ್ನು ಕರೆದುಕೊಂಡು ಬರುವಾಗ ಹಿಂದಿನ ದಿನ ಫೋನ್ ಮಾಡಿ, ಡಾಕ್ಟರ್ ಇದ್ದಾರಾ ಅಂತ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ.

— ಸಂಪಾದಕ